ಅಕ್ಷರಕ್ಕಿಷ್ಟು

ಹಿತ್ತಾಳೆ ತಗಡಾದರೆ ಅಕ್ಷರಕ್ಕೆ ಎರಡು ಮಲೋಟಿ,
ಗೋರಿಕಲ್ಲಾದರೆ ನಾಲ್ಕು.
ಅಳುತ್ತ ಬಂದವರು ಚೌಕಾಸಿ ಮಾಡುವುದಿಲ್ಲ,
ವಿಶ್ವವಿದ್ಯಾಲಯ ಮಾಡುತ್ತದೆ.

ಲೆಸೊಥೊದ ರೋಮಾ ಊರು, ಟ್ಯಾಕ್ಸಿ ನಿಲ್ದಾಣ,
ಕೋಳಿ ಕರಿಯುವವಳಿಗೂ ಸಿಮ್ ಮಾರುವವನಿಗೂ ನಡುವೆ
ನನ್ನ ಅಂಗಡಿ. ಜೂನ್ ತಿಂಗಳು, ಬೆಟ್ಟದ ಮೇಲೆ ಹಿಮ.
ಹೊದ್ದ ಕಂಬಳಿಯಿಂದ ಕೈ ಹೊರಬಂದರೆ
ಉಳಿ ಮೊದಲು ಬೆರಳನ್ನೇ ಹುಡುಕುತ್ತದೆ.

ಕುಲಸಚಿವರ ಕಚೇರಿಯಿಂದ ಚೀಟಿ ಬಂತು:
"ಬೋಧನೆ ಮತ್ತು ಸಂಶೋಧನೆಯಲ್ಲಿ ಶ್ರೇಷ್ಠತೆಗಾಗಿ
ಪ್ರೊಫೆಸರ್ ಮಾಪುಸೆಲೆತ್ಸೊ ಮೊಶಾಬೆಶಾ,
ಮಣ್ಣು ವಿಜ್ಞಾನ ವಿಭಾಗ."
ನಾಳೆ ಬೆಳಗಾಗುವುದರೊಳಗೆ. ರಸೀದಿ ಕಡ್ಡಾಯ.

ಓದಿದೆ. ಒಲೆಗೆ ಇದ್ದಿಲು ಹಾಕಿ ಬಂದು ಮತ್ತೆ ಓದಿದೆ.
ಇಪ್ಪತ್ತೆರಡು ವರ್ಷದ ಹಿಂದೆ ಇದೇ ಹೆಸರು
ಕೆಂಪು ಶಾಯಿಯಲ್ಲಿ ನನ್ನ ಉತ್ತರಪತ್ರಿಕೆಯ ಕೆಳಗಿತ್ತು,
ಮೇಲೆ ನಲವತ್ತೊಂಬತ್ತು.
ಐವತ್ತಕ್ಕೆ ಪಾಸು.
ಅಜ್ಜಿ ಎರಡು ಕುರಿ ಮಾರಿ ಕಟ್ಟಿದ ಶುಲ್ಕ
ಒಂದು ಅಂಕಕ್ಕೆ ಎಡವಿ ಬಿತ್ತು.
ಬೇಡಿಕೊಳ್ಳಲು ಹೋಗಿದ್ದೆ. ಬಾಗಿಲು ತೆರೆದೇ ಇತ್ತು.
"ನೀನು ಬರೆಯದ್ದನ್ನು ನಾನು ಹೇಗೆ ಓದಲಿ?" ಎಂದರು.
ಚಹಾ ಕೊಟ್ಟರು. ಅಂಕ ಕೊಡಲಿಲ್ಲ.

ಸಿಟ್ಟಿತ್ತು. ಇಲ್ಲವೆಂದರೆ ಸುಳ್ಳು.
ಆದರೆ ಕೊರಕಲಿನ ಆ ದಿನವೂ ನೆನಪಿದೆ:
ಮಳೆ ತಿಂದ ಹೊಲದ ನಡುವೆ ಎರಡಾಳುದ್ದದ ಬಿರುಕು,
ಅದರೊಳಕ್ಕೆ ನಮ್ಮನ್ನೆಲ್ಲ ಇಳಿಸಿ
ನನ್ನ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದು
"ಕಣ್ಣು ಮುಚ್ಚು. ಈಗ ಓದು" ಎಂದಿದ್ದರು.
ಮೇಲೆ ಬೂದಿಯಂಥ ನುಣುಪು, ಕೆಳಗೆ ಜಿಗುಟು,
ಅದಕ್ಕೂ ಕೆಳಗೆ ಯಾವುದೋ ಕಾಲದ ನದಿ
ಬಿಟ್ಟುಹೋದ ಹರಳು.
ಆವತ್ತಿನಿಂದ ಈ ಕೈ ಯಾವುದನ್ನೂ ಸುಮ್ಮನೆ ಮುಟ್ಟಿದ್ದಿಲ್ಲ,
ಕಲ್ಲಿನ ನಾಡಿ ಹಿಡಿದೇ ಉಳಿ ಇಡುತ್ತೇನೆ.
ಇದು ಬೋಧನೆಯೋ ಸಂಶೋಧನೆಯೋ
ಚೀಟಿ ಬರೆದವರನ್ನು ಕೇಳಬೇಕು.

ಚೀಟಿಯಲ್ಲಿ ತಪ್ಪಿತ್ತು.
ನಮ್ಮಲ್ಲಿ ಸೊಸೆಯಾಗಿ ಬಂದವಳಿಗೆ
ಇನ್ನೂ ಹುಟ್ಟದ ಕೂಸಿನಿಂದಲೇ ಹೆಸರು:
ಪುಸೆಲೆತ್ಸೊಳ ತಾಯಿ. ಕಳೆದದ್ದು ಮರಳಿತು ಎಂದರ್ಥ.
ಆ 'ತಾಯಿ'ಗೆ, ಮೊದಲಕ್ಷರಕ್ಕೂ ಮೊದಲು,
ಜೋಳದ ಮೊಳಕೆಯಷ್ಟು ಒಂದು ಗೀಟು ಬರುತ್ತದೆ,
ಬಾಯಿ ತೆರೆಯುವ ಮುನ್ನ ತುಟಿ ಗಳಿಗೆ ಹೊತ್ತು
ಮುಚ್ಚಿರಬೇಕೆಂದು ಗುರುತು.
ಕಚೇರಿಯ ಯಂತ್ರಕ್ಕೆ ಅದು ಧೂಳು. ಒರೆಸಿಬಿಟ್ಟಿದೆ.
ಹಾಜರಿ ಕರೆಯುವಾಗ ನಮ್ಮೊಬ್ಬೊಬ್ಬರ ಹೆಸರನ್ನೂ
ನಾವು ಹೂಂ ಎನ್ನುವ ತನಕ ತಿದ್ದಿಕೊಂಡವರು ಅವರು.
ಗೀಟು ಕೊರೆದೆ.
ಅದು ಅಕ್ಷರವಲ್ಲ, ದರಪಟ್ಟಿಯಲ್ಲಿಲ್ಲ.
ರಸೀದಿಯಲ್ಲೂ ಬರೆಯಲಿಲ್ಲ.

ಸಮಾರಂಭಕ್ಕೆ ನನ್ನನ್ನೇಕೆ ಕರೆಯುತ್ತಾರೆ.
ಗಾಳಿ ಈ ಕಡೆ ತಿರುಗಿದಾಗ ಮೈಕು ಕೇಳಿಸಿತು:
ಶ್ರೇಷ್ಠ, ಶ್ರೇಷ್ಠ, ಆಮೇಲೆ ಚಪ್ಪಾಳೆ,
ಚಪ್ಪಾಳೆಯೋ ಪಕ್ಕದ ಬಾಣಲೆಯ ಎಣ್ಣೆಯೋ.

ಮೂರನೆಯ ದಿನ ತಾವೇ ಬಂದರು,
ಕಂಬಳಿಯಲ್ಲಿ ತಗಡು ಸುತ್ತಿಕೊಂಡು.
ತಲೆ ಹಣ್ಣಾಗಿದೆ. ಬೂಟಿಗೆ ಅದೇ ಕೊರಕಲಿನ ಮಣ್ಣು.
ಬೋರಲು ಹಾಕಿ, "ಹಿಂದೆ ಒಂದು ಹೆಸರು ಬೇಕು" ಎಂದರು.
ಹನ್ನೊಂದು ಮಳೆಗಾಲ ಅವರಿಗೆ ಅಳತೆಗೋಲು ಹಿಡಿದು ನಿಂತ ದನಗಾಹಿ.
"ಕಾಗುಣಿತ?"
"ಅವನು ಬರೆಯುವವನಲ್ಲ. ಅವನು ಹೇಳುವ ಹಾಗೆ ಹೇಳುತ್ತೇನೆ,
ಕಿವಿಗೊಡು" ಎಂದು ನಿಧಾನ, ಇಳಿಜಾರು ಇಳಿದಂತೆ:
ಲೆ. ಬೆ. ಕೊ.
ಕೇಳಿದಂತೆ ಕೊರೆದೆ. ನಮ್ಮ ಬರಹದಲ್ಲಿ ಆರಕ್ಷರ,
ಹನ್ನೆರಡು ಮಲೋಟಿ.

ಎಣಿಸಿ ಕೊಟ್ಟು ತಗಡು ತಿರುಗಿಸಿದರು.
ಹೆಬ್ಬೆರಳು ತಮ್ಮ ಹೆಸರಿನ ಮೇಲೆ ಹಿಮ್ಮುಖ ನಡೆದು
ಮೊದಲಕ್ಷರವನ್ನೂ ದಾಟಿ ನಿಂತಿತು.
ಕಣ್ಣು ಮುಚ್ಚಿದ್ದರು.
"ಈ ಗೀಟಿಗೆಷ್ಟು?"

"ನಲವತ್ತೊಂಬತ್ತು ಸೆಂಟು."

ಕನ್ನಡಕದ ಮೇಲಿಂದ ನೋಡಿದರು. ಗುರುತು ಹತ್ತಿತೋ,
ಬಿಸಿಲು ಕಣ್ಣಿಗೆ ಹೊಡೆಯಿತೋ.
ಐವತ್ತರ ಒಂದೇ ನಾಣ್ಯ ಮೇಜಿನ ಮೇಲಿಟ್ಟು
"ಚಿಲ್ಲರೆ ಇರಲಿ" ಎಂದು
ಟ್ಯಾಕ್ಸಿ ಹತ್ತಿದರು.