ಎಡಗೈ ಕತ್ತರಿ

ಕತ್ತರಿ ಎಂಟು, ಮಕ್ಕಳು ಇಪ್ಪತ್ಮೂರು.
ಸ್ಕೂಲು ಬಿಟ್ಟ ಮೇಲೆ ಬರುತ್ತಾರೆ, ಚೀಲ ಮೂಲೆಗೆಸೆದು,
ಭಟ್ಟಿ ಓಣಿಯ ತಗಡಿನ ಕೋಣೆಗೆ.
ಗೋಡೆಯಾಚೆ ಹೊಟ್ಟು ಉರಿಯುತ್ತಿರುತ್ತದೆ,
ಮರಳು ಕಾದು ಅಕ್ಕಿ ಸಿಡಿದು ಮಂಡಕ್ಕಿಯಾಗುತ್ತಿರುತ್ತದೆ.
ನಮ್ಮ ಬಿಳಿ ಹಾಳೆ ಸಂಜೆಯೊಳಗೆ ಬೂದು.

ಹಾಳೆ ತರುವವಳು ನಾನು,
ಹಗಲೆಲ್ಲ ನಿಲ್ಲುವ ಜೆರಾಕ್ಸ್ ಅಂಗಡಿಯಿಂದ,
ಒಂದು ಮೈ ಕೆಟ್ಟವು.
ಒಂದು ಕಡೆ ಯಾರದೋ ಪಹಣಿ, ಯಾರದೋ ಜಾತಿ ಪ್ರಮಾಣಪತ್ರ,
ಮಗುಚಿದರೆ ನವಿಲು.

ಈ ತಿಂಗಳ ಪಾಠ ಕೈ ಕೈ ಹಿಡಿದ ಗೊಂಬೆಸಾಲು.
ಬೀಸಣಿಗೆಯ ಹಾಗೆ ಮಡಚಬೇಕು,
ಅರ್ಧ ಗೊಂಬೆ ಬರೆದು ಕತ್ತರಿಸಿ ಬಿಚ್ಚಬೇಕು.
ಕೊಟ್ರೇಶಿಯದು ಏಳು ಗೊಂಬೆ, ಏಳಕ್ಕೂ ಮೀಸೆ.
ದುಗ್ಗೇಶನವಕ್ಕೆ ತಲೆಯೇ ಇಲ್ಲ.
"ಚಳಿಗೆ ಒಳಗ್ ಎಳ್ಕಂಡಾವೆ ಮಿಸ್" ಅಂದ.

ಮುಬೀನಾಳದು ಮಾತ್ರ ಪ್ರತಿ ಸಲ ಬಿಡಿಬಿಡಿ.
ಕತ್ತರಿಯ ಬಾಯಿ ಕಡಿಯದೆ ಚೀಪುತ್ತದೆ,
ಅಲಗುಗಳ ನಡುವೆ ಕಾಗದ ಮುದುಡಿ ಮಲಗುತ್ತದೆ.
ಎರಡು ವಾರ ಬೈದೆ. ನಿಧಾನ ಅಂದೆ, ಲಕ್ಷ್ಯ ಎಲ್ಲಿ ಅಂದೆ,
ಎಲ್ಲರೆದುರು ಎಡವಟ್ಟು ಅಂದೆ.
ಅಂದ ಮೇಲೆ ನೋಡಿದೆ:
ಕತ್ತರಿ ಅವಳ ಎಡಗೈಲಿತ್ತು.

ಮಾತು ಎಂಥದು ನೋಡಿ.
ಬಲ ಅಂದರೆ ಬಲಗಡೆಯೂ ಹೌದು, ಕಸುವೂ ಹೌದು.
ಎಡದ ಪಾಲಿಗೆ ಎಡವುವುದು, ಎಡವಟ್ಟು, ಎಡಬಿಡಂಗಿ.
ಕತ್ತರಿ ಬಡಿದ ಕಮ್ಮಾರನಿಗೂ
ಇದೆಲ್ಲ ಬಾಯಿಪಾಠವಿತ್ತೇನೋ.

ಚೌಕಿಪೇಟೆಯಲ್ಲಿ ವಿಚಾರಿಸಿದೆ.
"ಎಡಗೈಗಾ?"
ಅಂಗಡಿಯವರು ಕನ್ನಡಕ ತೆಗೆದು ನನ್ನ ಕೈ ನೋಡಿದರು.
"ಚಪ್ಪಲಿಗೆ ಎಡ ಬಲ ಇರ್ತಾವೆ, ಕತ್ತರಿಗೆ ಎಲ್ಲಿ ತಾಯಿ?"
ಬರೆದುಕೊಂಡರು ಮಾತ್ರ, ಕರೆಂಟ್ ಬಿಲ್ಲಿನ ಹಿಂದೆ.
ಇನ್ನೂ ಬಂದಿಲ್ಲ.

ಆ ರಾತ್ರಿ ಷಟರ್ ಅರ್ಧ ಎಳೆದು
ನಾನೇ ಎಡಗೈಲಿ ಹಿಡಿದೆ.
ಗೇಣುದ್ದದ ಒಂದು ಸರಳ ಗೆರೆ,
ಅದೂ ಆಗಲಿಲ್ಲ. ಹೆಬ್ಬೆರಳ ಬುಡ ಕೆಂಪಾಯಿತು.
ಮೂವತ್ತಾರು ವರ್ಷದವಳು
ಅಂಗನವಾಡಿ ಕೂಸಿನ ಹಾಗೆ
ನಾಲಗೆ ಹೊರಗಿಟ್ಟು ಕೂತಿದ್ದೆ.

ಮರುದಿನ ಅವಳಿಗೆ ಏನೋ ಹೇಳಬೇಕೆಂದು ಹೋದೆ.
ಏನೆಂದು ದಾರಿಯುದ್ದಕ್ಕೂ ಹೊಳೆಯಲಿಲ್ಲ.
ಅವಳಾಗಲೇ ತನ್ನ ಪಾಲಿನ ಕತ್ತರಿ ದುಗ್ಗೇಶನಿಗೆ ಕೊಟ್ಟುಬಿಟ್ಟು
ಹಳೇ ಕ್ಯಾಲೆಂಡರು ತೊಡೆಯ ಮೇಲಿಟ್ಟುಕೊಂಡು
ಉಗುರಲ್ಲಿ ಹರಿಯುತ್ತಿದ್ದಳು, ಸಾವಕಾಶ,
ತೊಗರಿಕಾಯಿ ಬಿಡಿಸುವ ಹಾಗೆ.

ಹರಿದ ಅಂಚಿಗೆ ಬಣ್ಣದಡಿಯ ಬಿಳಿ ಬರುತ್ತದೆ,
ಜುಂಗುಜುಂಗಾಗಿ, ಎಳೆಗೂಸಿನ ಕೆನ್ನೆಗೂದಲಿನಷ್ಟು ನವಿರಾಗಿ.
ಕತ್ತರಿಗೆ ಬಾರದ ಗೆರೆ ಅದು.
ಮುಚ್ಚಳ ಹಾಕದೆ ಒತ್ತಿ ಪೂರ್ತಿ ಕಪ್ಪಾದ
ನನ್ನದೇ ಒಂದು ತಪ್ಪು ಜೆರಾಕ್ಸಿನ ಮೇಲೆ ಅಂಟಿಸಿದಳು:
ಕೆಂಪು ಹರಿದು ಒಲೆ, ಕಂದು ಹರಿದು ಬಾಣಲೆ,
ಜರಡಿ ಹಿಡಿದ ಅಬ್ಬಾನ ಬೆನ್ನು,
ಮೇಲೆಲ್ಲ ಸಿಡಿಯುವ ಬಿಳಿ ಚೂರು.

"ಚಟಪಟ ಅಂತತಲ್ಲ ಮಿಸ್,
ಆ ಸದ್ದು ಹೆಂಗ್ ಅಂಟಿಸೋದು?"
ನಾನು ಗೋಂದಿನ ಡಬ್ಬಿ ಅವಳತ್ತ ಸರಿಸಿದೆ.
ಅಷ್ಟೇ ನನ್ನಿಂದಾದದ್ದು.

ಆರೂವರೆಗೆ ಅವಳ ಮನೆಯಿಂದ ಮಂಡಕ್ಕಿ ಬಂತು,
ಪೇಪರಿನ ಪೊಟ್ಟಣದಲ್ಲಿ, ಇನ್ನೂ ಬಿಸಿ.
ಎಡಗೈಲಿ ಚಾಚಿದಳು.
ತಟ್ಟನೆ ನೆನಪಾಗಿ ಬಲಗೈಗೆ ದಾಟಿಸತೊಡಗಿದಳು,
ಯಾರೋ ಗೆಣ್ಣಿಗೆ ಹೊಡೆದು ಕಲಿಸಿದ್ದು.

ಬೇಡ, ಹಂಗೇ ಕೊಡು ಅಂದೆ.
ನಾನೂ ಎಡಗೈ ಚಾಚಿದೆ.
ರೂಢಿಯಿಲ್ಲದ ಕೈ, ಅರ್ಧ ಚೆಲ್ಲಿತು.
ಕೊಟ್ರೇಶಿ ಬಗ್ಗಿ
ಗೊಂಬೆಗಳ ತುಂಡುಗಳ ನಡುವಿಂದ
ಒಂದೊಂದೇ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತ
"ಮಿಸ್ಸೂ ಎಡವಟ್ಟೇ" ಅಂದ.