ತೊಳೆಯುವ ವಿಭಾಗ, ರಾತ್ರಿ ಪಾಳಿ

ಇಲ್ಲಿ ನಾವು ದೂರ ಅಳೆಯುವುದು ಟ್ರೇಗಳಲ್ಲಿ.
ಕುವೈತ್ ಅಂದರೆ ಒಂದು ಸ್ಯಾಂಡ್‌ವಿಚ್, ಅದೂ ಅರ್ಧ ತಿಂದದ್ದು.
ಲಂಡನ್ನಿಗೆ ಎರಡು ಟ್ರೇ.
ಆಕ್ಲೆಂಡಿಗೆ ಮೂರು, ನಡುವೆ ಒಂದು ಸೇಬು,
ನಿದ್ದೆ ಬಾರದವರಿಗೆ ಬಿಸ್ಕತ್ತು.
ನನ್ನೂರು ಯಾವ ಟ್ರೇಯಲ್ಲೂ ಬರುವುದಿಲ್ಲ.
ದೋಹಾದಿಂದ ಹೆಮ್ಮಾಡಿಗೆ ವಿಮಾನ ಎಲ್ಲಿಯದು?
ಮಂಗಳೂರಲ್ಲಿ ಇಳಿದು ಎರಡು ಬಸ್ಸು ಬದಲಿಸಿದರೆ
ಒಟ್ಟು ಎಂಟು ತಾಸು.
ಅದಕ್ಕೂ ಮೊದಲು, ರಜೆ ಮಂಜೂರಾಗಲು
ಎರಡು ವರ್ಷ.

ಆಕ್ಲೆಂಡಿನದು ರಾತ್ರಿ ಹನ್ನೊಂದಕ್ಕೆ ಇಳಿಯುತ್ತದೆ.
ಹದಿನಾಲ್ಕೂವರೆ ಸಾವಿರ ಕಿಲೋಮೀಟರು,
ಹದಿನೇಳು ಗಂಟೆ, ಗಾಳಿ ಎದುರಾದರೆ ಇನ್ನರ್ಧ.
ಅಲ್ಲಿ ಮಧ್ಯಾಹ್ನ ಹತ್ತಿದವರು
ಅದೇ ತಾರೀಕಿನ ರಾತ್ರಿ ಇಲ್ಲಿ ಇಳಿದು ಆಕಳಿಸುತ್ತಾರೆ.
ಸೂರ್ಯ ಮುಂದೆ ಓಡುತ್ತಾನೆ, ವಿಮಾನ ಬೆನ್ನು ಹತ್ತುತ್ತದೆ,
ಸಂಜೆ ಅನ್ನುವುದು ಹಲಸಿನ ಮೇಣದ ಹಾಗೆ
ಎಳೆದಷ್ಟೂ ಬರುತ್ತದಂತೆ.
ನಾನು ಕಂಡವನಲ್ಲ.
ಕಿಟಕಿ ಬದಿ ಕೂತವರ ತಟ್ಟೆ ಕಂಡವನು.

ಮೊನ್ನೆ ಬೆಲ್ಟಿನ ಮೇಲೆ ಬಂದ ಟ್ರೇಯೊಂದರಲ್ಲಿ
ಮುಟ್ಟದ ಬ್ರೆಡ್ಡು, ಹಿಚುಕಿದ ಬೆಣ್ಣೆ, ನೀಲಿ ಪೆನ್ಸಿಲಿನ ತುಂಡು,
ಎಂಟು ಮಡಿಕೆಯ ಕಾಗದದ ಕರವಸ್ತ್ರ.
ಎಸೆಯಬೇಕಿತ್ತು. ಬಿಡಿಸಿದೆ.
ಹಲ್ಲು.
ಕುಚ್ಚಲಕ್ಕಿಗಿಂತ ಚೂರು ದಪ್ಪ, ಬುಡದಲ್ಲಿ ಒಣಗಿದ ಕೆಂಪು.

ಎಲ್ಲಿ ಬಿದ್ದಿರಬಹುದು ಇದು?
ಆಸ್ಟ್ರೇಲಿಯದ ಮಣ್ಣಿನ ಮೇಲೋ, ಬರೀ ನೀರಿನ ಮೇಲೋ,
ಗಂಗೊಳ್ಳಿಯ ದೋಣಿಯವನೊಬ್ಬ ತಲೆಯೆತ್ತಿದರೆ
ಬಿಳಿ ಗೆರೆ ಕಾಣುವಷ್ಟು ಹತ್ತಿರದಲ್ಲೋ.
'ಸಿಕ್ಕ ವಸ್ತು' ಫಾರಮ್ಮಿನಲ್ಲಿ ನಾಲ್ಕು ಖಾನೆ:
ವಿಮಾನ, ಸೀಟು, ವಸ್ತು, ಅಂದಾಜು ಬೆಲೆ.
ಬಿದ್ದ ಜಾಗಕ್ಕೆ ಖಾನೆಯಿಲ್ಲ.

ನಿಹಾಲ್ ಅಂದ, ಮಾಡಿಗೆ ಎಸೆ, ಅಳಿಲು ಒಯ್ಯುತ್ತದೆ.
ರೊಹೆಲಿಯೊ ಪ್ರಕಾರ ಒಯ್ಯುವುದು ಇಲಿ.
ನಾನಂದೆ, ಹಾಗೇ ಎಸೆದರೆ ಹೇಗೆ,
ಸಗಣಿಯುಂಡೆಯೊಳಗಿಟ್ಟು ಹೆಂಚಿಗೆ ಎಸೆಯಬೇಕು.
ಮಾಡೂ ಇಲ್ಲ, ಹಸುವೂ ಇಲ್ಲ ಎಂದು ಇಬ್ಬರೂ ನಕ್ಕರು.
ಈಜಿಪ್ಟಿನ ಸೂಪರ್‌ವೈಸರ್ ಶಾಬಾನ್
ಎಲ್ಲ ಕೇಳಿಸಿಕೊಂಡು ಬಂದ: ಮೊದಲು ಗ್ಲೌಸ್ ಬದಲಿಸು.
ಎರಡು ಹೆಜ್ಜೆ ಹೋಗಿ ತಿರುಗಿದ:
ಸೂರ್ಯನಿಗೆ. ನಮ್ಮಮ್ಮ ಸೂರ್ಯನಿಗೆ ಎಸೆಸುತ್ತಿದ್ದಳು.

ಆಗ ಗಂಟೆ ಮೂರು.
ಸೂರ್ಯ ಆ ಹಲ್ಲು ಹೊರಟ ಊರಿನ ನೆತ್ತಿಯ ಮೇಲಿದ್ದ.

ಪ್ರಾಪ್ತಿಗೆ ಈವರೆಗೆ ಐದು ಬಿದ್ದಿವೆ.
ಐದನ್ನೂ ಫೋನಿನಲ್ಲಿ ತೋರಿಸಿದ್ದಾಳೆ,
ಅಂದರೆ, ಕಿಂಡಿ ತೋರಿಸಿದ್ದಾಳೆ,
ನಾಲಿಗೆ ತೂರಿಸಿ ನಕ್ಕಿದ್ದಾಳೆ.
ಹಲ್ಲನ್ನು ಅಂಗೈಯಲ್ಲಿಟ್ಟು ನಾನು ನೋಡಿದ್ದು
ಇದೇ ಮೊದಲು. ತೂಕವೇ ಇಲ್ಲ.

ಪಾಳಿ ಬಿಟ್ಟಾಗ ಆರು.
ಗೋದಾಮುಗಳ ಆಚೆ ಧೂಳು ಕೆಂಪಾಗಿ
ಅವನು ಬಂದ, ತೊಳೆಯದ ತಟ್ಟೆಯ ಹಾಗೆ.
ಫಾರಮ್ಮು ಜೇಬಲ್ಲಿತ್ತು, ನಾಲ್ಕನೇ ಖಾನೆ ಖಾಲಿ.
ತೋಳು ಬೀಸಿದೆ,
ಶಾಲೆಗೆ ಹೋಗುವಾಗ ಕಾಟುಮಾವಿಗೆ ಬೀಸುತ್ತಿದ್ದ ತೋಳು,
ಈಗ ಭುಜದಲ್ಲಿ ಹಿಡಿಯುತ್ತದೆ.

ಸೂರ್ಯನವರೆಗೆ ಹೋಗಲಿಲ್ಲ.
ಟಿಕ್ ಎಂದು
ಕ್ಯಾಂಪಿನ ಬಸ್ಸಿನ ಮಾಡಿಗೆ ಬಿತ್ತು.

ನಿಹಾಲ್ ಚಪ್ಪಾಳೆ ತಟ್ಟಿದ. ಡ್ರೈವರ್ ಹಾರ್ನ್ ಒತ್ತಿದ.
ಐವತ್ತೆರಡು ಜನ ಹತ್ತಿ ಕೂತೆವು
ಆ ಹಲ್ಲಿನ ಕೆಳಗೆ,
ನಲವತ್ತು ನಿಮಿಷದ ದಾರಿ.