ಗಂಜಿಗೊಂದು ಹಲಗೆ

‘ಎದ್ದು ಕಾಣಬಾರದು’ ಅಂದಳು ಮೊದಲ ಮಾತಿಗೇ.
ನಾನಿನ್ನೂ ಬೂಟು ಬಿಚ್ಚಿರಲಿಲ್ಲ.
ಕೋಟಿನ ಮೇಲಿನ ಹಿಮ ಕರಗಿ
ಅವರ ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.
ಇಲ್ಮಾ ಅದನ್ನೇ ನೋಡುತ್ತಿದ್ದಳು.

ಔಲು ಊರಿನ ಬಂದರಿನ ಕಡೆ, ನಾಲ್ಕನೇ ಮಹಡಿ.
ಬಿಳಿ ಗೋಡೆ. ಬಿಳಿಯಲ್ಲೇ ನಾಲ್ಕು ಬಗೆ.
ಬೂದಿ ಬಣ್ಣದ ಸೋಫಾ, ಗಾಜಿನ ಮೇಜು,
ಬಟ್ಟಲಲ್ಲಿ ಯಾರೂ ಮುಟ್ಟದ ಮೂರು ನಿಂಬೆಹಣ್ಣು.
ಉದ್ದ ಗೋಡೆಗೆ ಆಳೆತ್ತರದ ಒಂದು ಚಿತ್ರ:
ಖಾಲಿ ಬಟ್ಟೆ, ಅದರ ಮೇಲೊಂದು ಕೆಂಪು ಗೆರೆ.
ಕೂರಲು ಹೆದರಿ ನಿಂತೇ ಇದ್ದೆ.

ಬಡಗಿ ನಾನು. ಮೊದಲು ದೋಣಿ ಕಟ್ಟುತ್ತಿದ್ದೆ,
ಆಮೇಲೆ ಸೌನಾದ ಬೆಂಚು,
ಈಗ ಬೆಕ್ಕುಗಳಿಗೆ ಏಣಿ, ಅಟ್ಟ, ತೊಟ್ಟಿಲು.
ಅಪ್ಪ ಇದ್ದಿದ್ದರೆ ಕೈಯಿಂದ ಉಳಿ ಕಿತ್ತುಕೊಳ್ಳುತ್ತಿದ್ದ.
ಏನು ಮಾಡಲಿ, ದೋಣಿ ಕೇಳುವವನು ವರ್ಷಕ್ಕೊಬ್ಬ,
ಬೆಕ್ಕಿನವರು ವಾರಕ್ಕಿಬ್ಬರು.

ವೇಸನಿಗೆ ಅಕ್ರೋಟು ಮರವೇ ಆಗಬೇಕು.
ಇಲ್ಮಾಗೆ ಬರ್ಚ್.
ನೆಲಕ್ಕೆ ಹೊಂದುತ್ತೆ, ಬಾಗಿಲಿಗೆ ಹೊಂದುತ್ತೆ,
ಹಗ್ಗ ಸುತ್ತಿದ ಕಂಬ ಮಾತ್ರ ಬೇಡ,
ಹಡಗು ಕಟ್ಟುವ ಗೂಟದ ಹಾಗಿರುತ್ತೆ.
ಗಂಬಳಿ ಹೊದ್ದ ಗೋಪುರವೂ ಬೇಡ,
ಅಂಥದ್ದೊಂದು ಅತ್ತೆಯ ಮನೆಯಲ್ಲಿದೆ, ಸತ್ತ ಕರಡಿ ಥರ.
ಫೋನಿನಲ್ಲಿ ಚಿತ್ರ ತೋರಿಸಿದರು:
ಗೋಡೆಯ ಮೇಲೆ ತೇಲುವ ಮೂರು ಅರ್ಧಚಂದ್ರ,
ಒಪ್ಪವಾದ ಅಂತರ, ಒಪ್ಪವಾದ ನೆರಳು.
ಬೆಕ್ಕೊಂದನ್ನು ಬಿಟ್ಟು ಎಲ್ಲ ಇತ್ತು ಅದರಲ್ಲಿ.

ಟೇಪು ಹಿಡಿದು ಸೋಫಾದ ಹಿಂದೆ ಬಗ್ಗಿದೆ.
ಗೋಡೆಯ ಕಡೆಗಿನ ಬಟ್ಟೆಯೆಲ್ಲ ಎಳೆ ಎಳೆ,
ಸುಲಿದ ಜೋಳದ ಜುಟ್ಟಿನಂತೆ.
ತಲೆಯೆತ್ತಿದರೆ ಇಬ್ಬರೂ ನಿಂಬೆಹಣ್ಣು ನೋಡುತ್ತಿದ್ದಾರೆ.
ಕಣ್ಣು ಮುಚ್ಚಿ ಹಾಲು ಕುಡಿಯುವುದು
ಬೆಕ್ಕೊಂದೇ ಅಲ್ಲ.

‘ಬೆಕ್ಕೆಲ್ಲಿ?’
‘ಅಳತೆಗೆ ಅದೂ ಬೇಕಾ?’ ಎಂದ ವೇಸ.
ಅಂಗಿ ಹೊಲಿಯುವವನಿಗೆ ಮೈ ಬೇಡವೇನಯ್ಯ!

ಫ್ರಿಜ್ಜಿನ ಪಕ್ಕದ ಸಂದಿಯಿಂದ ಹೊರಬಂತು.
ಹೆಸರು ಪೂರೋ. ಗಂಜಿ ಅಂತ.
ತಂದ ದಿನ ಒಲೆಯ ಮೇಲೆ ಆರಿದ ಗಂಜಿಯ ಪಾತ್ರೆಯಲ್ಲೇ
ಹೋಗಿ ಮಲಗಿತ್ತಂತೆ, ಹೊಟ್ಟೆತನಕ ಮುಳುಗಿ.
ಹೇಳುತ್ತ ಇಲ್ಮಾ ನಕ್ಕಳು. ವೇಸ ಅವಳನ್ನು ತಿದ್ದಿದ:
‘ಕಿವಿತನಕ.’

ಮೂಗಿನಿಂದ ಬಾಲದ ಬುಡಕ್ಕೆ
ನನ್ನ ಕೈಯಲ್ಲಿ ಎರಡು ಗೇಣು, ನಾಲ್ಕು ಬೆರಳು.
ಹನ್ನೊಂದು ವರ್ಷ. ಬಲ ಹಿಂಗಾಲು ಬಿಗಿ.
ಚಂದ್ರನಿಂದ ಚಂದ್ರನಿಗೆ ಹಾರುವ ಕಾಲಲ್ಲ ಇದು.

ಹನ್ನೆರಡು ದಾಟಿತ್ತು. ಎದುರಿನ ಕಟ್ಟಡಗಳ ನಡುವೆ
ಜನವರಿಯ ಸೂರ್ಯ, ಸಾಲ ಕೇಳಲು ಬಂದವನಂತೆ,
ಅರ್ಧ ಮುಖ ತೋರಿಸಿದ.
ಒಂದು ಮೊಳ ಬಿಸಿಲು ಗೋಡೆಗೆ ಬಿತ್ತು,
ಸರಿಯಾಗಿ ಆ ಕೆಂಪು ಗೆರೆಯ ಮೇಲೆ.
ಗಂಜಿ ಕುಂಟುತ್ತ ಹೋಗಿ ಕೆಳಗೆ ಕೂತು
ಮೇಲೆ ನೋಡಿತು.
ದಿನಾ ನೋಡುತ್ತದೆ ಎಂದು ಅದರ ಕತ್ತೇ ಹೇಳುತ್ತಿತ್ತು.

ಕಿವಿಯ ಮೇಲಿನ ಪೆನ್ಸಿಲು ತೆಗೆದೆ.
ಬಿಸಿಲು ಜರುಗಿದ ಹಾಗೆ ಜರುಗುತ್ತ,
ನಾಲ್ಕನೇ ಬಗೆಯ ಬಿಳಿಯ ಮೇಲೆ ಗುರುತು ಹಾಕಿದೆ, ಒಂದಲ್ಲ, ಐದು.
ಇಲ್ಮಾಳ ಉಸಿರು ಕೇಳಿಸಿತು.
‘ಇಲ್ಲಿ ಹಲಗೆ. ಅಲ್ಲಿಂದ ತಗ್ಗು ಮೆಟ್ಟಿಲು.
ಚಿತ್ರ ಇಳಿಸಬೇಕು. ಎದ್ದು ಕಾಣುತ್ತೆ,’ ಅಂದೆ.

ಫೋನ್ ಮಾಡುತ್ತೇವೆ ಅಂದರು.
ಮಾಡಲಿಲ್ಲ. ಮೂರು ವಾರ.
ನಾನೂ ಬೇರೊಂದು ಮನೆಗೆ ಅರ್ಧಚಂದ್ರ ಕೊರೆದೆ,
ಚೆನ್ನಾಗಿಯೇ ಕೊರೆದೆ, ಸುಳ್ಳೇಕೆ.

ಆಮೇಲೊಂದು ರಾತ್ರಿ ವೇಸ:
‘ಆ ಗುರುತು ಒರೆಸಲಾಗಲಿಲ್ಲ.’
‘ರಬ್ಬರಿಗೆ ಹೋಗುತ್ತದಲ್ಲ?’
‘ಹೋಗುತ್ತದೆ,’ ಅಂದ. ಸುಮ್ಮನಾದ.
‘ಮರ ಯಾವುದಾದರೂ ಸರಿ.’

ಸೌನಾದಲ್ಲಿ ಉಳಿದಿದ್ದ ಆಸ್ಪೆನ್ ಹಲಗೆ ಒಯ್ದೆ,
ಮೊಳೆ ಕಾಣುವಂತೆಯೇ ಹೊಡೆದೆ.
ಇಲ್ಮಾ ಚಹಾಕ್ಕೆ ನಿಂಬೆ ಕೊಯ್ದಳು,
ಬಟ್ಟಲಲ್ಲಿ ಎರಡು ಉಳಿದವು.

ಗಂಜಿ ಹಲಗೆ ಮೂಸಲೂ ಇಲ್ಲ,
ನನ್ನ ಚೀಲದಲ್ಲಿ ಸುತ್ತಿಗೆಯ ಮೇಲೆ ಮಲಗಿತ್ತು.
ಹೊರಗೆ ಮೋಡ.
ಆದರೂ ಮೂವರೂ ಆ ಸೋಫಾದಲ್ಲಿ ಕೂತೆವು,
ಲೋಟ ಮಡಿಲಲ್ಲಿಟ್ಟುಕೊಂಡು,
ಹನ್ನೆರಡು ದಾಟಲಿ ಎಂದು.